ಮೋರಿಗೆ ಬೆನ್ನು ಮಾಡಿ ನಿಂತ ಕಟ್ಟಡ

ಹೋದ ಡಿಸೆಂಬರಿನ ಒಂದು ಬುಧವಾರ ಮಧ್ಯಾಹ್ನ ನಮ್ಮ ಆಫೀಸಿನ ಎಸಿ ಕೈಕೊಟ್ಟಿತು. ಊಟ ಮುಗಿಸಿ ಬಂದು ಆಗತಾನೇ ಕೂತಿದ್ದೆವು. ತಲೆ ಮೇಲೆ ಯಾವಾಗಲೂ ಇರುವ, ಇದೆ ಅಂತಲೇ ಗೊತ್ತಾಗದ ಆ ಗುಂಯ್ ಸದ್ದು ನಿಂತಾಗ ಎಲ್ಲರೂ ಒಟ್ಟಿಗೆ ಮೇಲೆ ನೋಡಿದೆವು. ಹತ್ತು ನಿಮಿಷ ತಮಾಷೆಯಾಗಿತ್ತು. ಅರ್ಧ ಗಂಟೆಗೆ ಹುಡುಗರೆಲ್ಲ ಜಾಕೆಟ್ ಬಿಚ್ಚಿದರು. ಮುಕ್ಕಾಲು ಗಂಟೆಗೆ ಮೀಟಿಂಗ್ ರೂಮುಗಳು ಇಡ್ಲಿ ಪಾತ್ರೆಯಾದವು. ಒಂದು ಗಂಟೆ ಕಳೆಯುವಷ್ಟರಲ್ಲಿ ಮೇಲ್ ಬಂತು: ದಯವಿಟ್ಟು ಎಲ್ಲರೂ ಕೆಳಗಿಳಿಯಿರಿ, ಇಲ್ಲವೇ ಮನೆಗೆ ಹೋಗಿ ಕೆಲಸ ಮುಂದುವರಿಸಿ.

ಕೆಳಗಿಳಿದರೆ ಹೊರಗೆ ಏನು ಹವಾ ಅಂತೀರಿ! ಫೋನು 25 ಡಿಗ್ರಿ ತೋರಿಸುತ್ತಿತ್ತು. ಪಾರ್ಕಿಂಗ್ ಪಕ್ಕದ ಹೊಂಗೆ ಮರಗಳ ಕೆಳಗೆ ತಣ್ಣಗೆ ಗಾಳಿ. ಫ್ಯಾನ್ ಕೂಡ ಬೇಡವಾದ ತಿಂಗಳಲ್ಲಿ, ಬೆಂಗಳೂರಿನಂಥ ಊರಲ್ಲಿ, ಸಾವಿರಾರು ಜನ ಸೆಕೆ ತಡೆಯಲಾರದೆ ಕಟ್ಟಡ ಬಿಟ್ಟು ಬೀದಿಗೆ ಬಂದು ನಿಂತಿದ್ದೆವು. ನಾನು ಇಳಿದು ಬರುವಾಗ ಐದನೇ ಮಹಡಿಯ ಗೋಡೆಯ ಥರ್ಮೋಸ್ಟಾಟ್ 31 ತೋರಿಸುತ್ತಿತ್ತು. ಒಳಗೆ ಒಂದೇ ಒಂದು ಕಿಟಕಿ ತೆಗೆಯೋ ಹಾಗಿದ್ದಿದ್ದರೆ ಇಷ್ಟು ದೊಡ್ಡ ಜಾತ್ರೆ ಸೇರುತ್ತಿರಲಿಲ್ಲ.

ಈ ಕಟ್ಟಡಕ್ಕೆ ಪ್ಲಾಟಿನಂ ಹಸಿರು ರೇಟಿಂಗ್ ಇದೆ. ರಿಸೆಪ್ಷನ್ನಿನಲ್ಲಿ, ಗಣಪತಿ ವಿಗ್ರಹದ ಪಕ್ಕದಲ್ಲಿ, ಗಾಜಿನ ಫಲಕ ತೂಗುಹಾಕಿದ್ದಾರೆ. ಯಾವ ಕಟ್ಟಡ ಅಂತ ಹೇಳುವುದಿಲ್ಲ. ಹೊರವರ್ತುಲ ರಸ್ತೆಯಲ್ಲಿ ಕಣ್ಣು ಮುಚ್ಚಿಕೊಂಡು ಕಲ್ಲು ಎಸೆದರೆ ತಗಲುವ ಕಟ್ಟಡಗಳಲ್ಲಿ ಇದೂ ಒಂದು (ಎಸೆಯಬೇಡಿ, ಎಲ್ಲ ಗಾಜು). ಸಿನಿಮಾ ನೋಡಿ ಬಂದ ರಾತ್ರಿಯೇ ವಿಮರ್ಶೆ ಬರೆಯುತ್ತೇವೆ, ಬೆಣ್ಣೆ ದೋಸೆಗೆ ಐದಕ್ಕೆ ಎಷ್ಟು ಅಂತ ನಕ್ಷತ್ರ ಕೊಡುತ್ತೇವೆ. ದಿನಕ್ಕೆ ಒಂಬತ್ತು ಗಂಟೆ ಕೂರುವ ಕಟ್ಟಡದ ಬಗ್ಗೆ ಮಾತ್ರ ನಮಗೆ ಅಭಿಪ್ರಾಯವೇ ಇರುವುದಿಲ್ಲ, ಕೆಫೆಟೇರಿಯಾದ ಕಾಫಿಯ ಬಗ್ಗೆ ಬಿಟ್ಟರೆ. ಆ ಬುಧವಾರ ಹೊಂಗೆ ಮರದ ಕೆಳಗೆ ನಿಂತು, ಇದನ್ನೂ ಒಮ್ಮೆ ವಿಮರ್ಶೆ ಮಾಡಿಯೇಬಿಡೋಣ ಅನ್ನಿಸಿತು.

ಮೊದಲು ಒಳ್ಳೆಯದನ್ನು ಹೇಳಿಬಿಡ್ತೀನಿ. ಸೇರಿದ ವಾರ ನಮಗೆಲ್ಲ ಒಂದು 'ಗ್ರೀನ್ ಟೂರ್' ಮಾಡಿಸಿದ್ದರು. ನಮ್ಮ ಟಾಯ್ಲೆಟ್ಟಿನಲ್ಲಿ ಫ್ಲಶ್ ಆಗುವುದು ಸಂಸ್ಕರಿಸಿದ ನೀರು. ಲಾನಿಗೆ ಹೋಗುವುದೂ ಅದೇ. ನೆಲಮಾಳಿಗೆಯಲ್ಲಿರುವ ಆ ಸಂಸ್ಕರಣಾ ಘಟಕವನ್ನು ನೋಡಿಕೊಳ್ಳುವ ಹುಡುಗ ಬಾಟಲಿಯಲ್ಲಿ ಮೂರು ಹಂತದ ನೀರು ತೋರಿಸಿದ. ಕೊನೆಯದು ನಮ್ಮ ಮನೆಯ ಟ್ಯಾಂಕರ್ ನೀರಿಗಿಂತ ತಿಳಿಯಾಗಿತ್ತು. ತಾರಸಿ ಮೇಲೆ ಸೋಲಾರ್ ಫಲಕಗಳಿವೆ. ನಲ್ಲಿಗಳು ಕೈ ಹಿಡಿದರಷ್ಟೇ ಸುರಿಯುತ್ತವೆ. ಯಾರೂ ಇಲ್ಲದ ರೂಮಿನಲ್ಲಿ ದೀಪ ತಾನಾಗಿ ಆರುತ್ತದೆ (ತುಂಬಾ ಹೊತ್ತು ಅಲ್ಲಾಡದೆ ಯೋಚನೆ ಮಾಡುತ್ತಾ ಕೂತರೂ ಆರುತ್ತದೆ, ಆಗ ಕೈ ಬೀಸಬೇಕು). ಇವೆಲ್ಲ ನಿಜವಾದ ಉಳಿತಾಯಗಳೇ. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ ಪಂಪಾಗಿ ಬರುವ ಊರಲ್ಲಿ ಫ್ಲಶ್‌ಗೆ ಕುಡಿಯುವ ನೀರು ಬಳಸುವುದು ಪಾಪವೇ ಸರಿ, ಆ ಪಾಪ ಇಲ್ಲಿ ನಡೆಯುತ್ತಿಲ್ಲ. ಈ ವಿಷಯದಲ್ಲಿ ತಕರಾರಿಲ್ಲ.

ತಕರಾರು ಶುರುವಾಗುವುದು ಗೋಡೆಯಿಂದ. ಅಥವಾ ಗೋಡೆ ಇಲ್ಲದಿರುವುದರಿಂದ.

ನಮ್ಮ ಕಟ್ಟಡ ನಾಲ್ಕೂ ದಿಕ್ಕಿಗೂ ಒಂದೇ ಥರ ಇದೆ, ನೆಲದಿಂದ ಸೂರಿನವರೆಗೆ ಗಾಜು. ಎರಡು ಪದರ, ನಡುವೆ ಗಾಳಿ, ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ. ಬೆಳಕು ಒಳಗೆ ಬರಲಿ, ಶಾಖ ಹೊರಗೇ ಉಳಿಯಲಿ ಎಂಬುದು ಅದರ ಉದ್ದೇಶ. ಸಾದಾ ಗಾಜಿಗೆ ಹೋಲಿಸಿದರೆ ಇದು ಖಂಡಿತ ಮೇಲು. ಆದರೆ ಸಾದಾ ಇಟ್ಟಿಗೆ ಗೋಡೆಗೆ ಹೋಲಿಸಿದರೆ? ಆ ಪ್ರಶ್ನೆಯನ್ನು ಟೂರಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸದಾಗಿ ಸೇರಿದ್ದೆ, ಲ್ಯಾಪ್‌ಟಾಪ್ ಇನ್ನೂ ಕೈಗೆ ಬಂದಿರಲಿಲ್ಲ.

ಸೂರ್ಯ ಮಾತ್ರ ನಾಲ್ಕು ದಿಕ್ಕನ್ನೂ ಒಂದೇ ಥರ ನೋಡುವುದಿಲ್ಲ. ಬೆಂಗಳೂರು ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಒಂದು ದಿನ, ಆಗಸ್ಟ್ ಮಧ್ಯದಲ್ಲಿ ಇನ್ನೊಂದು ದಿನ, ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನಮ್ಮ ನೆರಳೇ ಮಾಯವಾಗುತ್ತದೆ. ಶೂನ್ಯ ನೆರಳಿನ ದಿನ ಅಂತ ನೀವೂ ಬಾಟಲಿ ನಿಲ್ಲಿಸಿ ಫೋಟೊ ಹಾಕಿರುತ್ತೀರಿ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಉಳಿದ ಕಾಲ ದಕ್ಷಿಣಕ್ಕೆ. ಎರಡೂ ಸಲ ಸಾಕಷ್ಟು ಎತ್ತರದಲ್ಲಿರುವುದರಿಂದ, ಉತ್ತರ ಮತ್ತು ದಕ್ಷಿಣದ ಕಿಟಕಿಗಳಿಗೆ ಒಂದೂವರೆ ಎರಡು ಅಡಿಯ ಸಜ್ಜಾ ಹಾಕಿದರೆ ಹೆಚ್ಚಿನ ಬಿಸಿಲು ಅಲ್ಲೇ ನಿಲ್ಲುತ್ತದೆ. ನಮ್ಮ ಊರಿನ ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ. ಕಷ್ಟವಿರುವುದು ಪೂರ್ವ ಪಶ್ಚಿಮದಲ್ಲಿ. ಬೆಳಗಿನ, ಸಂಜೆಯ ಬಿಸಿಲು ಅಡ್ಡಡ್ಡ ನುಗ್ಗುತ್ತದೆ, ಅದಕ್ಕೆ ಸಜ್ಜಾ ಲೆಕ್ಕಕ್ಕಿಲ್ಲ. ಆ ಕಡೆ ಗೋಡೆ ಇರಬೇಕು, ಲಿಫ್ಟು ಮೆಟ್ಟಿಲು ಟಾಯ್ಲೆಟ್ಟು ಇರಬೇಕು, ಕಿಟಕಿ ಕಡಿಮೆ ಇರಬೇಕು.

ನನ್ನ ಸೀಟು ಪೂರ್ವಕ್ಕಿದೆ. ಬೆಳಗ್ಗೆ ಒಂಬತ್ತೂವರೆಗೆ ಬಂದವರ ಮೊದಲ ಕೆಲಸ ಪರದೆ ಎಳೆಯುವುದು, ಇಲ್ಲದಿದ್ದರೆ ಸ್ಕ್ರೀನ್ ಕಾಣುವುದಿಲ್ಲ. ಪರದೆ ಎಳೆದ ಮೇಲೆ ಕತ್ತಲು, ಆದ್ದರಿಂದ ದೀಪ. ಹನ್ನೊಂದೂವರೆಗೆ ಬಿಸಿಲು ಸರಿದಿರುತ್ತದೆ, ಆದರೆ ಎಳೆದ ಪರದೆಯನ್ನು ಮೇಲೆತ್ತುವ ಪದ್ಧತಿ ನಮ್ಮಲ್ಲಿಲ್ಲ. ಹೀಗೆ ಬೆಳಕಿಗೋಸ್ಕರ ಗಾಜು, ಗಾಜಿನಿಂದಾಗಿ ಬಿಸಿಲು, ಬಿಸಿಲಿಗೆ ಪರದೆ, ಪರದೆಗೆ ಎಲ್‌ಇಡಿ, ಎಲ್‌ಇಡಿಗೆ ಸೆನ್ಸರ್, ಸೆನ್ಸರ್‌ಗೆ ಹಸಿರು ಅಂಕ. ನಾಲ್ಕು ವರ್ಷದಲ್ಲಿ ನನ್ನ ಬೇಯಲ್ಲಿ ಹಗಲು ಹೊತ್ತು ದೀಪ ಆರಿಸಿ ಕೂತದ್ದನ್ನು ನಾನು ನೋಡಿಲ್ಲ.

ಇಲ್ಲಿಗೆ ಓದುವಾಗ ನೀವು ಅಂದುಕೊಂಡಿರಬಹುದು, ಇನ್ನು ಇವಳು ಅಜ್ಜಿ ಮನೆ, ತೊಟ್ಟಿ ಮನೆ, ಜಗುಲಿ ತಂಪು ಅಂತ ರಾಗ ಎಳೆಯುತ್ತಾಳೆ ಅಂತ. ಇಲ್ಲ ಮಾರಾಯ್ರೆ. ನಾನು ಬೆಳೆದದ್ದು ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಮೇ ತಿಂಗಳಲ್ಲಿ ತಾರಸಿ ಕಾದು ರಾತ್ರಿ ಹನ್ನೆರಡರವರೆಗೂ ನಿದ್ದೆ ಬಾರದ ಮನೆಯಲ್ಲಿ. ತೊಟ್ಟಿ ಮನೆ ನೋಡಿದ್ದು ಹೋಮ್‌ಸ್ಟೇಗಳಲ್ಲಿ. ನನಗೆ ಬೇಕಾದದ್ದು ಹಳೆಯ ಮನೆಯ ನೆನಪಲ್ಲ, ಬೆಂಗಳೂರಿನಲ್ಲೇ ಇರುವ, ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡುವ, ಆದರೆ ಬೇರೆ ಥರ ಯೋಚಿಸಿರುವ ಒಂದು ಆಫೀಸು. ಅಂಥದ್ದು ಒಂದಿದೆ. ದೊಮ್ಮಲೂರಿನಲ್ಲಿ.

ಟೆರಿ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ, ದೊಮ್ಮಲೂರು ಎರಡನೇ ಹಂತ. 2000ದ ದಶಕದ ಆರಂಭದಲ್ಲಿ ಕಟ್ಟಿದ್ದು, ವಾಸ್ತುಶಿಲ್ಪಿ ಸಂಜಯ್ ಮೊಹೆ. ವಾಸ್ತುಶಿಲ್ಪ ಓದುವವರೆಲ್ಲ ಒಮ್ಮೆಯಾದರೂ ನೋಡಿ ಬರುವ ಕಟ್ಟಡವಂತೆ. ನಾನು ಹೋದದ್ದು ಅಲ್ಲಿ ನಡೆದ ಒಂದು ಸಂಜೆ ಉಪನ್ಯಾಸದ ನೆಪದಲ್ಲಿ. ಉಪನ್ಯಾಸ ಮರೆತಿದೆ, ಗೋಡೆ ನೆನಪಿದೆ.

ಆ ನಿವೇಶನದ ದಕ್ಷಿಣಕ್ಕೆ ಒಂದು ತೆರೆದ ಮೋರಿ. ನಮ್ಮ ಊರಿನ ಮೋರಿ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಬೀಸುವುದೂ ಹೆಚ್ಚಾಗಿ ಆ ಕಡೆಯಿಂದಲೇ. ಕಿಟಕಿ ತೆರೆದ ಕಟ್ಟಡ ಕಟ್ಟಬೇಕು, ಆದರೆ ತೆರೆದರೆ ಬರುವುದು ನಾತ. ಈ ಸಂಕಟಕ್ಕೆ ನಮ್ಮ ವರ್ತುಲ ರಸ್ತೆಯ ಉತ್ತರ ಎಲ್ಲರಿಗೂ ಗೊತ್ತು: ಸುತ್ತ ಗಾಜು ಬಡಿದು, ಒಳಗೆ ಎಸಿ ಹಾಕಿ, ಲಾಬಿಯಲ್ಲಿ ಲೆಮನ್‌ಗ್ರಾಸ್ ಪರಿಮಳ ಬಿಡುವುದು. ಮೊಹೆ ಬೇರೆ ದಾರಿ ಹಿಡಿದರು. ದಕ್ಷಿಣಕ್ಕೆ ಕಿಟಕಿ ಇಲ್ಲದ ಜೋಡಿ ಗೋಡೆ ಎಬ್ಬಿಸಿದರು, ಹೊರಮೈಗೆ ಕಪ್ಪು ಕಡಪ ಕಲ್ಲು. ಬಿಸಿಲಿಗೆ ಆ ಕಪ್ಪು ಕಲ್ಲು ಕಾಯುತ್ತದೆ, ಎರಡು ಗೋಡೆಗಳ ನಡುವಿನ ಗಾಳಿಯೂ ಕಾದು ಮೇಲೇರಿ, ತುದಿಯ ಕಂಡಿಗಳಿಂದ ಹೊರಹೋಗುತ್ತದೆ. ಹೋದ ಗಾಳಿಯ ಜಾಗ ತುಂಬಲು ಒಳಗಿನ ಗಾಳಿ ಎಳೆಯಲ್ಪಡುತ್ತದೆ, ಒಳಗಿನದಕ್ಕೆ ಬದಲಾಗಿ ಉತ್ತರದ ಕಿಟಕಿಗಳಿಂದ ಹೊಸ ಗಾಳಿ ಬರುತ್ತದೆ. ಮೋರಿಯ ಮೇಲಿಂದ ಬೀಸುವ ಗಾಳಿ ಆ ಎತ್ತರದ ಗೋಡೆಗೆ ಹತ್ತಿ ಕಟ್ಟಡವನ್ನು ದಾಟಿ ಆ ಕಡೆ ಹೋಗುತ್ತದೆ, ಹೋಗುವಾಗ ಈ ಎಳೆತಕ್ಕೆ ಒಂದು ಕೈ ಸೇರಿಸುತ್ತದೆ. ಅಂದರೆ ಊರಿನ ಗಾಳಿ ದಕ್ಷಿಣದಿಂದ ಉತ್ತರಕ್ಕೆ, ಕಟ್ಟಡದೊಳಗಿನ ಗಾಳಿ ಉತ್ತರದಿಂದ ದಕ್ಷಿಣಕ್ಕೆ. ಮೋಟರಿಲ್ಲ. ಕಲ್ಲು, ಬಿಸಿಲು, ಒಂದಷ್ಟು ಖಾಲಿ ಜಾಗ. ಹೆಚ್ಚು ಬಿಸಿಲಿದ್ದಷ್ಟೂ ಎಳೆತ ಹೆಚ್ಚು ಎಂಬುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ನಮ್ಮ ಕಟ್ಟಡದಲ್ಲಿ ಬಿಸಿಲು ಹೆಚ್ಚಾದಷ್ಟೂ ಹೆಚ್ಚಾಗುವುದು ಕರೆಂಟ್ ಬಿಲ್ಲು.

ಉತ್ತರದ ಕಡೆ ಅದು ಪೂರ್ತಿ ಬೇರೆಯದೇ ಕಟ್ಟಡ, ತೆರೆದುಕೊಂಡಿದೆ, ಮೆತ್ತಗಿದೆ. ನಡುವೆ ಮೇಲಿನಿಂದ ಬೆಳಕು ಇಳಿಯುವ ಅಂಗಳದಂಥ ಜಾಗ. ಮೇಲೆ ಹಸಿರು ಹೊದ್ದ ತಾರಸಿ. ಟೆರಿಯವರೇ 'ಗೃಹ' ಎಂಬ ರೇಟಿಂಗ್ ವ್ಯವಸ್ಥೆಯನ್ನು ರೂಪಿಸಿದವರು, ತಮ್ಮ ಕಟ್ಟಡವನ್ನು ತಾವೇ ಹೊಗಳಿಕೊಂಡಿರಬೇಕು ಅಂತ ಮೂಗು ಮುರಿಯುವವರಿಗೆ ಒಂದು ಮಾತು: ಕಟ್ಟಡ ಬಂದು ಕೆಲವು ವರ್ಷಗಳಾದ ಮೇಲೆ, 2007ರಲ್ಲಿ, ಗೃಹ ರಾಷ್ಟ್ರೀಯ ರೇಟಿಂಗ್ ಆಯಿತು. ಅಂಕ ನೋಡಿಕೊಂಡು ಕಟ್ಟಿದ್ದಲ್ಲ. ಮೋರಿ ನೋಡಿಕೊಂಡು ಕಟ್ಟಿದ್ದು.

ನನ್ನ ಗೆಳೆಯ ಒಬ್ಬ ಈ ಮಾತು ಕೇಳಿ ನಕ್ಕ. "ಅದು ಸಣ್ಣ ಸಂಶೋಧನಾ ಸಂಸ್ಥೆ ಕಣೇ. ಕೈಯಳತೆಯ ಜಾಗ, ಕೈಬೆರಳೆಣಿಕೆಯ ಜನ. ಮೂರು ಸಾವಿರ ಜನ, ಆರು ಸಾವಿರ ಸ್ಕ್ರೀನು ಬಿಸಿ ಉಗುಳುವ ಕಡೆ ನಿನ್ನ ಕಡಪ ಕಲ್ಲು ಏನು ಮಾಡುತ್ತೆ?" ಮಾತು ನ್ಯಾಯವೇ. ದೊಡ್ಡ ಆಫೀಸಿಗೆ ಒಂದಿಷ್ಟು ಯಂತ್ರದ ತಂಪು ಬೇಕೇ ಬೇಕು, ಒಪ್ಪಿಕೊಂಡೆ. ಆದರೆ ಎಷ್ಟು, ಯಾವ ಥರದ್ದು?

ಇದಕ್ಕೆ ಉತ್ತರ ನಮ್ಮದೇ ಊರಿನ ಇನ್ಫೋಸಿಸ್ ಹೈದರಾಬಾದಿನಲ್ಲಿ ಕೊಟ್ಟಿದೆ. ಪೋಚಾರಂ ಕ್ಯಾಂಪಸ್ಸಿನಲ್ಲಿ ಅವರು ಸುಮಾರು ಎರಡೂವರೆ ಲಕ್ಷ ಚದರಡಿಯ ಒಂದು ಕಟ್ಟಡ ಕಟ್ಟಿದರು, 2011ರಿಂದ ಬಳಕೆಯಲ್ಲಿದೆ. ಅದರ ವಿಶೇಷ ಏನಂದರೆ ಕಟ್ಟಡವನ್ನು ಸರಿಯಾಗಿ ಎರಡು ಭಾಗ ಮಾಡಿದ್ದಾರೆ, ಅವಳಿ ಮಕ್ಕಳ ಹಾಗೆ. ಎರಡಕ್ಕೂ ಒಂದೇ ಥರದ ಗೋಡೆ, ಮಿತವಾದ ಕಿಟಕಿ, ಬೆಳಕನ್ನು ಒಳಕ್ಕೆ ತಿರುಗಿಸುವ ಏರ್ಪಾಡು. ಒಂದು ಭಾಗಕ್ಕೆ ಒಳ್ಳೆಯ ಮಾಮೂಲಿ ಎಸಿ. ಇನ್ನೊಂದರಲ್ಲಿ ಕಾಂಕ್ರೀಟ್ ಸ್ಲ್ಯಾಬಿನೊಳಗೇ ಕೊಳವೆ ಹುದುಗಿಸಿ ತಣ್ಣೀರು ಹರಿಸುತ್ತಾರೆ. ಸೂರೇ ತಣ್ಣಗಾಗಿ ಕೆಳಗಿರುವವರ ಮೈ ಶಾಖವನ್ನು ಹೀರಿಕೊಳ್ಳುತ್ತದೆ. ರೆಡ್ ಆಕ್ಸೈಡ್ ನೆಲದ ಮೇಲೆ ಅಂಗಾತ ಮಲಗಿದ್ದೀರಾ? ಅದೇ, ತಲೆಕೆಳಗು. ಗಾಳಿಗಿಂತ ನೀರು ಶಾಖವನ್ನು ಎಷ್ಟೋ ಪಟ್ಟು ಹೆಚ್ಚು ಹೊರುವುದರಿಂದ ದೈತ್ಯ ಫ್ಯಾನುಗಳು ಬೇಡ, ನೀರನ್ನು ತೀರಾ ಕೊರೆಯುವ ಹಾಗೆ ತಣಿಸುವುದೂ ಬೇಡ. ಎರಡೂ ಭಾಗಕ್ಕೆ ಬೇರೆ ಬೇರೆ ಮೀಟರು. ಅಳೆದು ನೋಡಿದಾಗ ತಣ್ಣೀರಿನ ಭಾಗ ತಂಪಿಗೆ ಬಳಸಿದ ವಿದ್ಯುತ್ತು ಇನ್ನೊಂದಕ್ಕಿಂತ ಶೇಕಡ 30ಕ್ಕೂ ಹೆಚ್ಚು ಕಡಿಮೆ. ಬೆಂಗಳೂರಲ್ಲಲ್ಲ, ಹೈದರಾಬಾದಿನಲ್ಲಿ!

ಈ ಪ್ರಯೋಗದಲ್ಲಿ ನನಗೆ ತಂತ್ರಕ್ಕಿಂತ ಇಷ್ಟವಾದದ್ದು ಆ ಎರಡು ಮೀಟರು. ನಿಜವಾದ ಕಟ್ಟಡದ ಪಕ್ಕ ನಿಜವಾದ ಕಟ್ಟಡ, ನಿಜವಾದ ಬಿಲ್ಲು. ಸಾಮಾನ್ಯವಾಗಿ ಹಸಿರು ರೇಟಿಂಗ್ ಅರ್ಜಿಯಲ್ಲಿ 'ಇಷ್ಟು ಶೇಕಡ ಉಳಿತಾಯ' ಅಂತ ತೋರಿಸುವುದು ಕಂಪ್ಯೂಟರಿನಲ್ಲಿ ಕಲ್ಪಿಸಿಕೊಂಡ ಒಂದು ಕಟ್ಟಡಕ್ಕೆ ಹೋಲಿಸಿ. ನನಗಿಂತ ಕಡಿಮೆ ಅಂಕ ತೆಗೆಯುವ ಒಬ್ಬ ತಮ್ಮನನ್ನು ಕಲ್ಪಿಸಿಕೊಂಡು ಅಪ್ಪನ ಮುಂದೆ ಮಾರ್ಕ್ಸ್ ಕಾರ್ಡ್ ಇಟ್ಟ ಹಾಗೆ. ಹಾಗಂತ ಪೋಚಾರಂನ ವಿಧಾನ ಸರ್ವರೋಗ ನಿವಾರಣೆ ಏನೂ ಅಲ್ಲ. ಹೊರಗಿನ ತೇವದ ಗಾಳಿ ನುಗ್ಗಿದರೆ ತಣ್ಣನೆಯ ಸೂರಿನ ಮೇಲೆ ಬೆವರು ಹನಿಗಟ್ಟುತ್ತದೆ, ಆದ್ದರಿಂದ ಇಂಥ ಕಟ್ಟಡದಲ್ಲೂ ಮನಬಂದಾಗ ಕಿಟಕಿ ತೆರೆಯುವ ಹಾಗಿಲ್ಲ. ನನ್ನ ಕಿಟಕಿಯ ಹಂಬಲಕ್ಕೆ ಅಲ್ಲಿ ಪರಿಹಾರವಿಲ್ಲ. ಆದರೆ ದೊಡ್ಡ ಆಫೀಸು ಅಂದಮೇಲೆ ಗಾಜಿನ ಡಬ್ಬಿಯೇ ಗತಿ ಎಂಬ ಮಾತು ಅಲ್ಲಿಗೆ ಮುಗಿಯಿತು.

ಹೈದರಾಬಾದಿನದ್ದೇ ಇನ್ನೊಂದು ನೆನಪಾಯಿತು. ಅಮೆರಿಕದ ಹೊರಗೆ ಲೀಡ್ ಪ್ಲಾಟಿನಂ ಪಡೆದ ಮೊಟ್ಟಮೊದಲ ಕಟ್ಟಡ ನಮ್ಮ ದೇಶದ್ದೇ, ಸಿಐಐ–ಸೊಹ್ರಾಬ್‌ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್. 2004ರಲ್ಲಿ ಅಬ್ದುಲ್ ಕಲಾಂ ಉದ್ಘಾಟಿಸಿದ್ದು. ಚಿತ್ರ ಹುಡುಕಿ ನೋಡಿ: ನಡುವೆ ದುಂಡಗಿನ ಅಂಗಳ, ಜಾಲಿ ಗೋಡೆಗಳು, ಗಾಳಿಯನ್ನು ತಣಿಸಿ ಒಳಗೆ ಕಳಿಸುವ ಗಾಳಿ ಗೋಪುರಗಳು, ತಾರಸಿಯಲ್ಲಿ ಹುಲ್ಲು. ನಮ್ಮ ದೇಶದಲ್ಲಿ ಪ್ಲಾಟಿನಂ ಎಂಬ ಪದಕ್ಕೆ ಮೊದಲು ಇದ್ದ ಮುಖ ಅದು. ಇಪ್ಪತ್ತು ವರ್ಷದಲ್ಲಿ ಅದೇ ಪದದ ಮುಖ ನಮ್ಮ ರಿಸೆಪ್ಷನ್ ಆಗಿದ್ದು ಹೇಗೆ?

ಅಂಕಪಟ್ಟಿ ತೆಗೆದು ನೋಡಿದೆ. ಲೀಡ್‌ನ ನಾಲ್ಕನೇ ಆವೃತ್ತಿಯಲ್ಲಿ ಹೊಸ ಕಟ್ಟಡಕ್ಕೆ ಒಟ್ಟು 110 ಅಂಕ, ಪ್ಲಾಟಿನಂಗೆ 80 ಸಾಕು. ಜಾಗ ಮತ್ತು ಸಾರಿಗೆ ಎಂಬ ಇಡೀ ವಿಭಾಗಕ್ಕೆ ಇರುವುದು 16. ಬಸ್ಸು ರೈಲಿನ ಒಳ್ಳೆಯ ಸಂಪರ್ಕಕ್ಕೆ ಹೆಚ್ಚೆಂದರೆ 5. ಸೈಕಲ್ ವ್ಯವಸ್ಥೆಗೆ 1. ಅಂದರೆ ಆ 16ರಲ್ಲಿ ಸೊನ್ನೆ ತೆಗೆದರೂ 94 ಉಳಿಯುತ್ತದೆ, ಪ್ಲಾಟಿನಂ ಕೈಗೆಟಕುವಷ್ಟು ಹತ್ತಿರವೇ ಇರುತ್ತದೆ. ನಮ್ಮ ನೆಲಮಾಳಿಗೆಯಲ್ಲಿ ಸೈಕಲ್ ಸ್ಟ್ಯಾಂಡ್ ಇದೆ, ಸೈಕಲ್ ಸವಾರರಿಗೆ ಸ್ನಾನದ ಮನೆಯೂ ಇದೆ. ಸ್ನಾನದ ಮನೆಯಲ್ಲಿ ಈಗ ನೆಲ ಒರೆಸುವ ಬಕೆಟ್ಟುಗಳಿವೆ. ವರ್ತುಲ ರಸ್ತೆಯಲ್ಲಿ, ಮೆಟ್ರೊ ಕಂಬಗಳ ನಡುವೆ, ಟ್ಯಾಂಕರ್ ಲಾರಿಗಳ ಪಕ್ಕ ಸೈಕಲ್ ಹೊಡೆದುಕೊಂಡು ಬರುವ ಒಬ್ಬರು ನಮ್ಮಲ್ಲಿದ್ದರು. ಅವರೀಗ ಕೆನಡಾದಲ್ಲಿದ್ದಾರೆ.

ಒಂದು ಲೆಕ್ಕ ಮಾಡೋಣ, ನ್ಯಾಪ್‌ಕಿನ್ ಮೇಲೆ ಮಾಡುವಂಥದ್ದು. ಆಫೀಸಿನಲ್ಲಿ ಒಬ್ಬರಿಗೆ 10 ಚದರ ಮೀಟರ್ ಜಾಗ, ಚದರ ಮೀಟರಿಗೆ ವರ್ಷಕ್ಕೆ 100 ಯೂನಿಟ್ ಕರೆಂಟ್ ಅಂತ ಇಟ್ಟುಕೊಳ್ಳಿ. ನನ್ನ ಪಾಲು 1,000 ಯೂನಿಟ್. ಹಸಿರು ಕಟ್ಟಡವಾದ್ದರಿಂದ ಇದರಲ್ಲಿ 300 ಉಳಿಯುತ್ತದೆ ಅನ್ನೋಣ. ಯೂನಿಟ್ಟಿಗೆ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂದರೂ ಉಳಿತಾಯ 210 ಕೆಜಿ. ಈಗ ನಾನು ಬನಶಂಕರಿಯಿಂದ ಒಬ್ಬಳೇ ಕಾರಿನಲ್ಲಿ ಬರುತ್ತೇನೆ ಅಂತಿಟ್ಟುಕೊಳ್ಳಿ (ನಾಚಿಕೆ ಬಿಟ್ಟು ಹೇಳುವುದಾದರೆ ವಾರಕ್ಕೆ ಎರಡು ಮೂರು ದಿನ ಹಾಗೇ ಬರುತ್ತೇನೆ). ಹೋಗಿ ಬರಲು 40 ಕಿಲೋಮೀಟರ್, ಲೀಟರಿಗೆ 15 ಕಿಲೋಮೀಟರ್, ಲೀಟರ್ ಪೆಟ್ರೋಲು ಸುಟ್ಟರೆ 2.3 ಕೆಜಿ. ದಿನಕ್ಕೆ 6 ಕೆಜಿಗಿಂತ ಸ್ವಲ್ಪ ಹೆಚ್ಚು. ಕಟ್ಟಡ ನನ್ನ ಹೆಸರಿನಲ್ಲಿ ವರ್ಷವಿಡೀ ಉಳಿಸಿದ 210 ಕೆಜಿಯನ್ನು ದಿನಾ ಹೀಗೆ ಬಂದರೆ 34 ಕೆಲಸದ ದಿನಗಳಲ್ಲಿ ಸುಟ್ಟುಬಿಟ್ಟಿರುತ್ತೇನೆ. ಜನವರಿ ಒಂದರಿಂದ ಶುರುಮಾಡಿದರೆ ಫೆಬ್ರವರಿ ಮೂರನೇ ವಾರಕ್ಕೆ ಖಾತೆ ಖಾಲಿ. ಅಂಕಿ ಹಿಂದೆ ಮುಂದೆ ಆಗಬಹುದು, ನಿಮ್ಮ ದೂರ ಹಾಕಿಕೊಂಡು ನೀವೇ ಮಾಡಿ ನೋಡಿ. ಸಿಗ್ನಲ್ಲಿನಲ್ಲಿ ಇಂಜಿನ್ ಉರಿಸಿಕೊಂಡು ನಿಂತ ಹೊತ್ತನ್ನು ನಾನು ಸೇರಿಸಿಲ್ಲ.

ಇದು ನಮ್ಮೊಬ್ಬರದೇ ಕತೆಯೂ ಅಲ್ಲ. ಕ್ಯುಪರ್ಟಿನೋದ ಆಪಲ್ ಪಾರ್ಕಿನಲ್ಲಿ 9,000 ಮರಗಳಿವೆ, ತಾರಸಿಯಲ್ಲಿ 17 ಮೆಗಾವ್ಯಾಟ್ ಸೋಲಾರ್ ಇದೆ, ವರ್ಷದಲ್ಲಿ ಒಂಬತ್ತು ತಿಂಗಳು ಎಸಿ ಹೀಟರ್ ಎರಡೂ ಬೇಡದ ಹಾಗೆ ಗಾಳಿಯಾಡುತ್ತದೆ ಅಂತ ಕಂಪನಿಯೇ ಹೇಳಿದೆ. ಆ ಒಂದು ವಿಷಯದಲ್ಲಿ ಅದು ನಮ್ಮ ಡಬ್ಬಿಗಿಂತ ಎಷ್ಟೋ ಮೇಲು. ಜೊತೆಗೆ ಸುಮಾರು 11,000 ಕಾರು ನಿಲ್ಲಿಸುವ ಜಾಗವೂ ಇದೆ.

ಎಸಿ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನಮ್ಮ ಫ್ಲೋರಿನ ಹೆಂಗಸರು ನನ್ನನ್ನು ಕ್ಷಮಿಸುವುದಿಲ್ಲ. ನಮ್ಮ ಪ್ರತಿಯೊಬ್ಬರ ಕುರ್ಚಿಯ ಬೆನ್ನಿಗೂ ಒಂದು ಶಾಲು ಇದೆ. ಏಪ್ರಿಲ್‌ನಲ್ಲೂ ಇರುತ್ತದೆ. 2015ರಲ್ಲಿ ಇಬ್ಬರು ಡಚ್ ಸಂಶೋಧಕರು ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಇದರ ಮೂಲ ತೋರಿಸಿಕೊಟ್ಟರು: ಆಫೀಸಿನ ಹಿತವಾದ ತಾಪಮಾನವನ್ನು ಲೆಕ್ಕ ಹಾಕುವ ಮಾನದಂಡದಲ್ಲಿ ಮೈ ಎಷ್ಟು ಶಾಖ ಹುಟ್ಟಿಸುತ್ತದೆ ಎಂಬುದಕ್ಕೆ ಆಧಾರವಾಗಿ ಹಿಡಿದಿರುವುದು 40 ವರ್ಷ ವಯಸ್ಸಿನ, 70 ಕೆಜಿ ತೂಕದ ಒಬ್ಬ ಗಂಡಸನ್ನು. ಆ ಮಹಾನುಭಾವನನ್ನು ನಾವು ಯಾರೂ ನೋಡಿಲ್ಲ, ಅವನಿಗೋಸ್ಕರ ಶಾಲು ಹೊದ್ದು ಕೂತಿದ್ದೇವೆ. ಹೊರಗಿನ ಹವೆ ಏರಿಳಿದ ಹಾಗೆ ನಮಗೆ ಹಿತವೆನಿಸುವ ತಾಪವೂ ಏರಿಳಿಯುತ್ತದೆ ಎಂಬುದನ್ನು ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತದ ಆಫೀಸುಗಳಲ್ಲೇ ಅಧ್ಯಯನ ಮಾಡಿ ತೋರಿಸಿದ್ದಾರೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದಕ್ಕೆ ಜಾಗವೂ ಸಿಕ್ಕಿದೆ. ನಮ್ಮ ಥರ್ಮೋಸ್ಟಾಟ್ ಮಾತ್ರ 22ರಲ್ಲಿ ಕೂತಿದೆ. ಅದಕ್ಕೆ ಪ್ಲಾಸ್ಟಿಕ್ ಪೆಟ್ಟಿಗೆ ಹಾಕಿ ಬೀಗ ಜಡಿದಿದ್ದಾರೆ.

ಇನ್ನು ಮೋರಿಯ ವಿಷಯ. ನಮಗೂ ಒಂದಿದೆ, ಕಾಂಪೌಂಡಿನ ಹಿಂದೆ, ರಾಜಕಾಲುವೆಯ ಒಂದು ಕವಲು. ಮಳೆಗಾಲದ ದಿನಗಳಲ್ಲಿ ಮೇಲಿನ ಮಹಡಿಯಿಂದ ನೋಡಿದರೆ ನೊರೆ ಕಾಣಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ವರ್ತುಲ ರಸ್ತೆ ಮುಳುಗಿ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಚಿತ್ರ ದೇಶಕ್ಕೆಲ್ಲ ನಗೆಪಾಟಲಾಯಿತಲ್ಲ, ಆ ವಾರ ನಮ್ಮ ಕ್ಯಾಂಪಸ್ಸಿನ ಒಳಗೆ ಒಂದು ಹನಿ ನಿಲ್ಲಲಿಲ್ಲ. ನಮ್ಮ ಮಳೆಕೊಯ್ಲಿನ ಸಾಧನೆ ಅಂತ ಆಮೇಲೆ ಮೇಲ್ ಬಂತು, ಇಂಗುಗುಂಡಿಗಳ ಫೋಟೊ ಸಮೇತ. ನಾನೂ ಅದಕ್ಕೆ ಒಂದು ಹಸಿರು ಎಲೆಯ ಇಮೋಜಿ ಒತ್ತಿದ್ದೆ.

ನಮ್ಮ ಫ್ಲೋರಿನ ಹೌಸ್‌ಕೀಪಿಂಗ್ ಅಕ್ಕ ಆ ವಾರ ಮೂರು ದಿನ ಬರಲಿಲ್ಲ. ರಾಯಚೂರಿನ ಕಡೆಯವರು, ಕಾಂಪೌಂಡಿನ ಹಿಂದೆ, ಕಾಲುವೆಯ ಆಚೆ ಶೀಟಿನ ಮನೆಗಳಲ್ಲಿ ಇರುತ್ತಾರೆ. ಬಂದ ಮೇಲೆ ಕೇಳಿದೆ. "ಮನಿಯಾಗ ಮಣಕಾಲ್ ತನಾ ನೀರ್ರೀ ಮೇಡಂ. ಅಕ್ಕಿ ಚೀಲ ತೊಯ್ದ್ ಹೋತು. ಮೊದ್ಲ ಮಳಿ ಬಂದ್ರ ನೀರು ಈ ಕಡೀನೂ ಹರಿತಿತ್ತು. ಈ ಗ್ವಾಡಿ ಕಟ್ಟಿದ್ ಮ್ಯಾಲೆ ಎಲ್ಲಾ ನಮ್ ಕಡೀಗೇ ಬರ್ತೈತಿ ನೋಡ್ರಿ" ಅಂದರು. ಹಿಂದಿನ ಗೇಟಿಗೆ ಹೋಗಿ ನೋಡಿದೆ. ನಮ್ಮ ನೆಲ ಆಚೆಯ ನೆಲಕ್ಕಿಂತ ನಾಲ್ಕಡಿಯಾದರೂ ಎತ್ತರ ಇದೆ. ಮಣ್ಣು ತುಂಬಿ ಎತ್ತರಿಸಿ, ಸುತ್ತ ಕಾಂಕ್ರೀಟ್ ಗೋಡೆ ಎಬ್ಬಿಸಿದ್ದಾರೆ. ಇಂಗುಗುಂಡಿಗಳು ಸುಳ್ಳಲ್ಲ, ಇವೆ, ಕೆಲಸವನ್ನೂ ಮಾಡುತ್ತಿರಬಹುದು. ಆದರೆ ಆ ರಾತ್ರಿ ನಮ್ಮನ್ನು ಕಾಪಾಡಿದ್ದು ಗುಂಡಿಯೋ ಗೋಡೆಯೋ ಅನ್ನುವುದಕ್ಕೆ ಆ ಶೀಟಿನ ಮನೆಗಳ ಗೋಡೆ ಮೇಲಿನ ನೀರಿನ ಗೆರೆ ನೋಡಿದರೆ ಸಾಕು. ಯಾವ ಅಂಕಪಟ್ಟಿಯಲ್ಲೂ ಆ ಗೆರೆಗೆ ಕಾಲಂ ಇಲ್ಲ. ಅಲ್ಲಿನವರು ನಮ್ಮ ಕ್ಯಾಂಪಸ್ಸಿಗೆ ಬೆಳಗ್ಗೆ ಆರಕ್ಕೇ ನಡೆದುಕೊಂಡೇ ಬರುತ್ತಾರೆ ಅನ್ನುವುದಕ್ಕೂ ಇಲ್ಲ. ಇಡೀ ಕಟ್ಟಡದಲ್ಲಿ ಓಡಾಟಕ್ಕೆ ಒಂದು ಗ್ರಾಂ ಇಂಗಾಲವನ್ನೂ ಸುಡದವರು ಅವರೇ.

ದೊಮ್ಮಲೂರಿನ ಕಟ್ಟಡವೂ ಮೋರಿಗೆ ಬೆನ್ನು ಮಾಡಿಯೇ ನಿಂತಿದೆ, ನಮ್ಮದೂ ಹಾಗೆಯೇ. ಅದು ಬೆನ್ನು ಮಾಡುವ ಮೊದಲು ಮೋರಿಯನ್ನು ನೋಡಿತ್ತು. ಆ ನಾತ, ಆ ಗಾಳಿ, ಆ ಬಿಸಿಲು ಎಲ್ಲ ಸೇರಿ ಗೋಡೆಯ ಆಕಾರವಾದವು. ನಮ್ಮ ಕಟ್ಟಡವನ್ನು ಎತ್ತಿ ಗುರುಗ್ರಾಮದಲ್ಲಿಟ್ಟರೂ ದುಬೈಯಲ್ಲಿಟ್ಟರೂ ಒಂದು ಗಾಜೂ ಬದಲಾಗಬೇಕಿಲ್ಲ.

ಎಸಿ ಕೆಟ್ಟ ವಾರದ ಕೊನೆಗೆ ನಮಗೆಲ್ಲ ಒಂದು ಫೀಡ್‌ಬ್ಯಾಕ್ ಫಾರ್ಮ್ ಬಂತು. ಪಕ್ಕದಲ್ಲಿ ಹೊಸ ಬ್ಲಾಕ್ ಬರಲಿದೆ, ಸಲಹೆ ಕೊಡಿ ಅಂತ. ಉತ್ತರಕ್ಕೆ ತೆಗೆಯಬಹುದಾದ ಕಿಟಕಿ, ಪಶ್ಚಿಮಕ್ಕೆ ಗೋಡೆ, ಹಿಂದಿನ ಗೇಟಿನ ನೆಲದ ಮಟ್ಟದ ವಿಷಯ, ಎಲ್ಲವನ್ನೂ ಬರೆದೆ. ಅಕ್ಷರ ಮಿತಿ 500 ಇತ್ತು, ಎರಡು ಸಲ ಕಳಿಸಿದೆ. ಫೆಸಿಲಿಟೀಸ್‌ನವರು ಒಳ್ಳೆಯ ಮನುಷ್ಯ, ಸ್ವತಃ ಸೀಟಿನ ಹತ್ತಿರ ಬಂದು ಮಾತಾಡಿದರು. "ಕಿಟಕಿ ತೆಗೆದರೆ ಧೂಳು ಮೇಡಂ, ಸೆಕ್ಯುರಿಟಿ ಬೇರೆ, ಆಮೇಲೆ ಒಳಗಿನ ಪ್ರೆಷರ್ ಬ್ಯಾಲೆನ್ಸ್ ಹೋಗುತ್ತೆ" ಅಂದರು. ನೆಲದ ಮಟ್ಟದ ಬಗ್ಗೆ, ಅದು ಬಿಲ್ಡರ್ ಕಡೆಯ ವಿಷಯ ಅಂದರು. ಹಾಗಾದರೆ ಈ ಕಟ್ಟಡದಲ್ಲಿ ಹೊರಗಿನ ಗಾಳಿ ಬರುವ ಜಾಗ ಒಂದೂ ಇಲ್ಲವಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಫೈರ್ ಎಕ್ಸಿಟ್ ಮೆಟ್ಟಿಲು" ಅಂದರು.

ನಿಜ. ಆ ಮೆಟ್ಟಿಲು ಕಟ್ಟಡದ ಉತ್ತರದ ಹೊರಗೋಡೆಗೆ ಅಂಟಿಕೊಂಡಿದೆ. ಗಾಜಿಲ್ಲ, ಬರೀ ಅಡ್ಡಪಟ್ಟಿಗಳು. ನಾಲ್ಕು ಗಂಟೆಗೆ ಅಲ್ಲಿಗೆ ಹೋದರೆ ಒಳ್ಳೆಯ ಗಾಳಿ ಬರುತ್ತದೆ. ಮೊದಲ ದಿನ ನಾನೊಬ್ಬಳೇ ಕಂಡುಹಿಡಿದೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಶಾಲು ಹೊದ್ದ ಮೂವರು ಮೈ ಬೆಚ್ಚಗೆ ಮಾಡಿಕೊಳ್ಳಲು ಬಂದು ನಿಂತಿದ್ದರು, ಮೇಲಿನ ಮೆಟ್ಟಿಲ ಮೇಲೆ ಹೌಸ್‌ಕೀಪಿಂಗ್ ಅಕ್ಕ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಾ ಕೂತಿದ್ದರು.